ಹೆಲ್ದಿ ಕೆಫೆಗೆ ಹೋಗಿ ಬಂದರೆ ಶುಗರ್ 241!

ಪ್ರಶ್ನೆ: ನಮ್ಮದು ಕೊಡಗಿನ ಗೋಣಿಕೊಪ್ಪದ ಹತ್ತಿರ ಒಂದು ಹಳ್ಳಿ. ಯಜಮಾನರಿಗೆ 59 ವರ್ಷ. ಎರಡು ವರ್ಷದಿಂದ ಶುಗರ್ ಇದೆ, ಮೆಟ್‌ಫಾರ್ಮಿನ್ ಮಾತ್ರೆ ಮಾತ್ರ ತೆಗೆದುಕೊಳ್ಳುತ್ತಾರೆ. ಹೋದ ತಿಂಗಳ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 6.8 ಬಂದಿತ್ತು. ನನಗೆ ಬಿಪಿ. ಬೆಂಗಳೂರಿನಿಂದ ಬಂದ ಮಗಳು ನಮ್ಮಿಬ್ಬರನ್ನೂ ಹೊಸದಾಗಿ ಶುರುವಾದ ಒಂದು ಹೆಲ್ದಿ ಕೆಫೆಗೆ ಕರೆದುಕೊಂಡು ಹೋದಳು. ಮೈದಾ ಇಲ್ಲ, ಸಕ್ಕರೆ ಇಲ್ಲ, ಕರಿದದ್ದು ಇಲ್ಲ ಅಂತ ದೊಡ್ಡ ಬೋರ್ಡೇ ಇತ್ತು. ಇವರು ಸ್ಮೂದಿ ಬೌಲ್ ತಿಂದರು, ಅರ್ಧ ಲೋಟ ಹಸಿರು ಜ್ಯೂಸ್ ಕುಡಿದರು, ರಾಗಿ ಬ್ರೌನಿಯಲ್ಲಿ ಅರ್ಧ ತಿಂದರು. ನಾನು ಬಟರ್‌ಫ್ರೂಟ್ ಟೋಸ್ಟ್ ಮತ್ತು ಸೂಪ್ ತೆಗೆದುಕೊಂಡೆ. ಮಗಳು ಕಿನೋವಾ ಸಲಾಡ್. ಬಿಲ್ 1,460 ರೂಪಾಯಿ. ಎರಡು ಗಂಟೆ ಬಿಟ್ಟು ಮೆಷಿನ್‌ನಲ್ಲಿ ನೋಡಿದರೆ ಇವರ ಶುಗರ್ 241! ಮಾರನೇ ದಿನ ಮನೆಯಲ್ಲಿ ಎರಡು ಅಕ್ಕಿ ಒಟ್ಟಿ (ರೊಟ್ಟಿ), ಮೊಟ್ಟೆ ಸಾರು, ಕಣಿಲೆ (ಎಳೆ ಬಿದಿರು) ಪಲ್ಯ ತಿಂದಾಗ 172. 'ನೋಡು, ನಮ್ಮ ಒಟ್ಟಿನೇ ವಾಸಿ' ಅಂತ ಇವರು ಮಗಳನ್ನು ಗೋಳು ಹೊಯ್ದುಕೊಳ್ಳುತ್ತಿದ್ದಾರೆ. ಮೆಷಿನ್ ಕೆಟ್ಟಿದೆಯಾ? ಅಥವಾ ಆ ಕೆಫೆ ಊಟವೇ ಸರಿಯಿಲ್ಲವಾ? ಇನ್ನೊಂದು ಸಲ ಹೋದರೆ ಏನು ತಿನ್ನಬೇಕು? ಅಲ್ಲಿ ತೂಕ ಇಳಿಸುವ ಕಾಚಂಪುಳಿ (ಅಡುಗೆಗೆ ಹಾಕುವ ಕಪ್ಪು ಹುಳಿ) ಶಾಟ್ ಅಂತಲೂ ಕೊಡುತ್ತಾರೆ, ಕುಡಿಯಬಹುದಾ? ಟೋಸ್ಟ್ ಒಂದಕ್ಕೇ 320 ರೂಪಾಯಿ. ನಮ್ಮ ತೋಟದಲ್ಲಿ ಬಟರ್‌ಫ್ರೂಟ್ ಬಿದ್ದು ಕೊಳೆಯುತ್ತದೆ, ದನಕ್ಕೆ ಹಾಕುತ್ತೇವೆ!

ಉತ್ತರ: ಮೊದಲು ನಾನೊಂದು ಪ್ರಶ್ನೆ ಕೇಳುತ್ತೇನೆ. ಬೆರಳಿಗೆ ಸೂಜಿ ಚುಚ್ಚುವ ಮುಂಚೆ ಯಜಮಾನರು ಕೈ ತೊಳೆದಿದ್ದರಾ?

ತಮಾಷೆಗೆ ಕೇಳುತ್ತಿಲ್ಲ. ಮೆಷಿನ್‌ಗೆ ಬೇಕಾಗೋದು ಒಂದು ಚಿಕ್ಕ ಹನಿ ರಕ್ತ. ಬೆರಳ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಜೇನು ಅಥವಾ ಹಣ್ಣಿನ ರಸ ಅಂಟಿದ್ದರೂ ಅದು ಆ ಹನಿಗೆ ಸೇರಿಕೊಂಡು ಲೆಕ್ಕ ಎಲ್ಲಿಗೋ ಹೋಗುತ್ತದೆ. ಕಿತ್ತಳೆ ಸುಲಿದ ಕೈಯಲ್ಲೇ ಟೆಸ್ಟ್ ಮಾಡಿಕೊಂಡು, 300 ದಾಟಿತು ಅಂತ ಗಾಬರಿಯಾಗಿ ಓಡಿ ಬಂದವರನ್ನು ನಾನು ನೋಡಿದ್ದೇನೆ. ಕೈ ತೊಳೆಸಿ ಮತ್ತೆ ನೋಡಿದರೆ 150. ಟಿಶ್ಯೂ ಪೇಪರ್‌ನಲ್ಲಿ ಒರೆಸಿಕೊಂಡರೆ ಸಾಲದು. ಸೋಪು ಹಾಕಿ ತೊಳೆದು, ಪೂರ್ತಿ ಒಣಗಿಸಿಕೊಂಡು ಆಮೇಲೆ ಚುಚ್ಚಬೇಕು.

ಕೈ ತೊಳೆದಿದ್ದರು ಅಂತಲೇ ಇಟ್ಟುಕೊಳ್ಳೋಣ. ಮನೆಯಲ್ಲಿ ಬಳಸುವ ಮೆಷಿನ್‌ಗಳಲ್ಲಿ ಲ್ಯಾಬ್ ಲೆಕ್ಕಕ್ಕಿಂತ ಶೇ. 15ರಷ್ಟು ಆಚೀಚೆ ಆಗೋದು ಮಾಮೂಲು. ಅಂತರರಾಷ್ಟ್ರೀಯ ಮಾನದಂಡವೇ ಅಷ್ಟಕ್ಕೆ ಅವಕಾಶ ಕೊಡುತ್ತದೆ. ಹಾಗಾಗಿ 241 ಅನ್ನೋದು 210 ಇರಬಹುದು, 270 ಕೂಡ ಇರಬಹುದು. ಆದರೆ 172ಕ್ಕೂ 241ಕ್ಕೂ ಇರುವ ಅಷ್ಟು ದೊಡ್ಡ ವ್ಯತ್ಯಾಸವನ್ನು ಪೂರ್ತಿ ಮೆಷಿನ್ ತಲೆಗೆ ಕಟ್ಟೋದು ಕಷ್ಟ. ಸ್ಟ್ರಿಪ್‌ನ ತಾರೀಖು ಮುಗಿದಿದೆಯಾ, ಮಳೆಗಾಲದಲ್ಲಿ ಡಬ್ಬಿ ಮುಚ್ಚಳ ತೆರೆದಿಟ್ಟು ತೇವ ಹಿಡಿದಿದೆಯಾ, ಎರಡನ್ನೂ ಒಮ್ಮೆ ನೋಡಿ. ನಮ್ಮ ಕಡೆ ಜೂನ್‌ನಿಂದ ಬಟ್ಟೆಯೇ ಒಣಗೋದಿಲ್ಲ, ಇನ್ನು ಸ್ಟ್ರಿಪ್ ಕಥೆ ಕೇಳಬೇಕಾ.

ಹಾಗಾದರೆ ತಪ್ಪು ಊಟದ್ದಾ? ಈ ಥರದ ಕೆಫೆಗಳ ಬಗ್ಗೆ ಈಗೀಗ ಜಾಸ್ತಿ ಜನ ಕೇಳುತ್ತಿದ್ದಾರೆ. ಅದಕ್ಕೇ ಒಂದು ದಿನ ಜಿಲ್ಲೆಯಲ್ಲಿ ಹೊಸದಾಗಿ ಶುರುವಾದ ಒಂದು ಕೆಫೆಗೆ ನಾನೇ ಹೋಗಿದ್ದೆ. ನೀವು ಹೋದದ್ದೇ ಅಂತ ಹೇಳುತ್ತಿಲ್ಲ, ಮೆನು ಹೆಚ್ಚುಕಮ್ಮಿ ಅದೇ. ಅಡುಗೆ ಕೌಂಟರ್ ಎದುರಿನ ಸ್ಟೂಲ್ ಮೇಲೆ ಕೂತು ಸ್ಮೂದಿ ಬೌಲ್ ಹೇಳಿದೆ. ತಿನ್ನೋದಕ್ಕಿಂತ ನೋಡೋದೇ ನನ್ನ ಉದ್ದೇಶ ಆಗಿತ್ತು.

ಹುಡುಗ ಫ್ರೀಜರ್‌ನಿಂದ ಸುಲಿದಿಟ್ಟ ಏಲಕ್ಕಿ ಬಾಳೆಹಣ್ಣು ಮೂರು ತೆಗೆದ. ಬೀಜ ತೆಗೆದ ಖರ್ಜೂರ ನಾಲ್ಕು. ಒಂದಿಷ್ಟು ಮಾವಿನ ಹೋಳು. ಎಲ್ಲಾ ಮಿಕ್ಸಿಗೆ. ಗಟ್ಟಿ ಪಾಯಸದ ಹಾಗೆ ಆದದ್ದನ್ನು ತೆಂಗಿನ ಚಿಪ್ಪಿನ ಬಟ್ಟಲಿಗೆ ಸುರಿದ. ಮೇಲೆ ಒಂದು ಬದಿಗೆ ಗ್ರಾನೋಲಾ, ಅಂದರೆ ಓಟ್ಸಿಗೆ ಜೇನು, ಎಣ್ಣೆ ಬೆರೆಸಿ ಓವನ್‌ನಲ್ಲಿ ಗರಿಗರಿ ಮಾಡಿದ್ದು, ದೊಡ್ಡ ಹಿಡಿ ತುಂಬ. ಇನ್ನೊಂದು ಬದಿಗೆ ದಾಳಿಂಬೆ ಕಾಳು, ನಾಲ್ಕು ಬಾದಾಮಿ. ಕೊನೆಗೆ ಜೇನಿನ ಬಾಟಲಿ ಬಗ್ಗಿಸಿ ಎರಡು ಸುತ್ತು ಸುರಿದ. ನೋಡೋಕೆ ರಂಗೋಲಿ ಥರ ಇತ್ತು. 'ಸಕ್ಕರೆ ಒಂದು ಕಾಳೂ ಹಾಕಲ್ಲ ಮೇಡಂ ನಾವು' ಅಂದ. ಅವನು ಹೇಳಿದ್ದು ನೂರಕ್ಕೆ ನೂರು ನಿಜ. ಸಕ್ಕರೆ ಡಬ್ಬಿ ಅವನು ಮುಟ್ಟಲೇ ಇಲ್ಲ.

ಈಗ ಲೆಕ್ಕ ಹಾಕೋಣ. ಮೂರು ಚಿಕ್ಕ ಬಾಳೆಹಣ್ಣಿನಿಂದ ಸುಮಾರು 35 ಗ್ರಾಂ ಕಾರ್ಬೋಹೈಡ್ರೇಟ್. ನಾಲ್ಕು ಖರ್ಜೂರದಿಂದ 24. ಗ್ರಾನೋಲಾದಿಂದ 30ರ ಮೇಲೆ. ಎರಡು ಸುತ್ತು ಜೇನು ಅಂದರೆ ಒಂದೂವರೆ ದೊಡ್ಡ ಚಮಚ, ಅದು 24. ಮಾವು, ದಾಳಿಂಬೆ ಸೇರಿ ಇನ್ನೊಂದು ಹತ್ತು. ಒಟ್ಟು ಹತ್ತಿರ ಹತ್ತಿರ 120 ಗ್ರಾಂ. ತೆಳ್ಳಗೆ ತಟ್ಟಿದ, ಚಪಾತಿ ಗಾತ್ರದ ಒಂದು ಅಕ್ಕಿ ಒಟ್ಟಿಯಲ್ಲಿ 30 ಗ್ರಾಂ ಅಂತ ಹಿಡಿಯಿರಿ. ಅಲ್ಲಿಗೆ ಒಂದು ಬಟ್ಟಲು ಅಂದರೆ ನಾಲ್ಕು ಒಟ್ಟಿ! ಅದರ ಮೇಲೆ ಯಜಮಾನರು ಅರ್ಧ ಲೋಟ ಜ್ಯೂಸ್, ಅರ್ಧ ಬ್ರೌನಿ ಬೇರೆ ತೆಗೆದುಕೊಂಡಿದ್ದಾರೆ. ಐದು ಒಟ್ಟಿ ಲೆಕ್ಕ ಆಯಿತು. ಮನೆಯಲ್ಲಿ ತಿಂದದ್ದು ಎರಡು, ಜೊತೆಗೆ ಮೊಟ್ಟೆ, ಪಲ್ಯ. 241 ಬಂದದ್ದರಲ್ಲಿ ನನಗೇನೂ ಆಶ್ಚರ್ಯ ಕಾಣಲಿಲ್ಲ.

ಮಿಕ್ಸಿಗೆ ಹಾಕಿದ ತಕ್ಷಣ ಹಣ್ಣು ವಿಷ ಆಗಿಬಿಡುತ್ತದೆ ಅಂತ ಕೆಲವರು ಹೇಳುತ್ತಾರೆ. ಹಾಗೇನಿಲ್ಲ. ಸೋಸದೇ ಇದ್ದರೆ ನಾರು ಅಲ್ಲೇ ಇರುತ್ತದೆ. ಕಷ್ಟ ಇರೋದು ಬೇರೆ ಕಡೆ. ಮೂರು ಬಾಳೆಹಣ್ಣು, ನಾಲ್ಕು ಖರ್ಜೂರ, ಮಾವು ಇಷ್ಟನ್ನೂ ತಟ್ಟೆಯಲ್ಲಿಟ್ಟು ತಿನ್ನಿ ಅಂದರೆ ಯಜಮಾನರು ಎರಡನೇ ಬಾಳೆಹಣ್ಣಿಗೇ ಸಾಕು ಅನ್ನುತ್ತಿದ್ದರು. ಬಟ್ಟಲಲ್ಲಿ ಅದು ಐದು ನಿಮಿಷಕ್ಕೆ ಚಮಚದಲ್ಲಿ ಇಳಿದು ಹೋಗುತ್ತದೆ. ಹೊಟ್ಟೆ ತುಂಬಿದ್ದು ಗೊತ್ತಾಗುವಷ್ಟರಲ್ಲಿ ಬಟ್ಟಲೇ ಖಾಲಿ.

ಇದೆಲ್ಲ ಏನೋ ಹೊಸ ತಿಂಡಿ ಅಂದುಕೊಳ್ಳಬೇಡಿ. ಪುತ್ತರಿ, ಅಂದರೆ ನಮ್ಮ ಸುಗ್ಗಿ ಹಬ್ಬದ ದಿನ ನಾವು ಏನು ಮಾಡುತ್ತೇವೆ? ಹಣ್ಣಾದ ಬಾಳೆಹಣ್ಣು ಚೆನ್ನಾಗಿ ಕಿವುಚಿ, ಹುರಿದ ಅಕ್ಕಿಹಿಟ್ಟು ಕಲಸಿ, ಮೇಲೆ ತೆಂಗಿನತುರಿ, ಎಳ್ಳು, ತುಪ್ಪ ಹಾಕಿ ತಂಬಿಟ್ಟು ತಿನ್ನುತ್ತೇವೆ. ಕಿವುಚಿದ ಹಣ್ಣು, ಹುರಿದ ಧಾನ್ಯ, ಮೇಲೆ ಅಲಂಕಾರ. ಸ್ಮೂದಿ ಬೌಲ್ ಅಂದರೆ ಇಂಗ್ಲಿಷ್ ಕಲಿತ ತಂಬಿಟ್ಟು, ಅಷ್ಟೇ. ಒಂದೇ ವ್ಯತ್ಯಾಸ. ತಂಬಿಟ್ಟು ವರ್ಷಕ್ಕೊಮ್ಮೆ, ಹಬ್ಬದ ದಿನ. ಅದನ್ನು ಯಾರೂ ಡಯಟ್ ಅಂತ ಕರೆಯೋದಿಲ್ಲ. ಬೌಲ್ ಮಾತ್ರ ದಿನಾ ಬೆಳಗಿನ ತಿಂಡಿ ಅಂತ ಮಾರಾಟ ಆಗುತ್ತದೆ.

'ಸಕ್ಕರೆ ಇಲ್ಲ' ಅನ್ನುವ ಬೋರ್ಡಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಎಲ್ಲರೂ ಎಡವೋದು ಅಲ್ಲೇ. ಬಿಳಿ ಸಕ್ಕರೆ ಬಿಟ್ಟು ಜೇನು, ಬೆಲ್ಲ, ಖರ್ಜೂರದ ಪಾಕ ಹಾಕಿದರೆ ಬಾಯಿಗೆ ಬೇರೆ ರುಚಿ, ರಕ್ತಕ್ಕೆ ಹೆಚ್ಚುಕಮ್ಮಿ ಅದೇ. ಬೆಲ್ಲದಲ್ಲಿ ಶೇ. 80ಕ್ಕೂ ಜಾಸ್ತಿ ಸಕ್ಕರೆಯೇ ಇರೋದು. ಜೇನಿನಲ್ಲೂ ಹತ್ತಿರ ಹತ್ತಿರ ಅಷ್ಟೇ. ನಮ್ಮ ಕೊಡಗಿನ ಜೇನು ಎಷ್ಟೇ ಒಳ್ಳೆಯದಿರಲಿ, ತೋಟದ ಪೆಟ್ಟಿಗೆಯಿಂದ ನೀವೇ ತೆಗೆದದ್ದಿರಲಿ, ಶುಗರ್ ಇರುವವರಿಗೆ ಅದು ಸಕ್ಕರೆಯೇ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆಗೆ ಮಿತಿ ಹೇಳಿದಾಗ ಜೇನನ್ನೂ ಹಣ್ಣಿನ ಜ್ಯೂಸನ್ನೂ ಅದೇ ಲೆಕ್ಕಕ್ಕೆ ಸೇರಿಸಿತು. ದಿನದ ಒಟ್ಟು ಕ್ಯಾಲೊರಿಯಲ್ಲಿ ಇವೆಲ್ಲ ಸೇರಿ ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕಿಂತ ಕಡಿಮೆ ಇದ್ದರೆ ಇನ್ನೂ ವಾಸಿ ಅಂತ. 2,000 ಕ್ಯಾಲೊರಿ ತಿನ್ನುವವರಿಗೆ ಆ ಶೇ. 5 ಅಂದರೆ 25 ಗ್ರಾಂ. ಬೌಲ್ ಮೇಲೆ ಎರಡು ಸುತ್ತು ಸುರಿದ ಜೇನಿಗೇ ಅದು ಮುಗಿಯಿತು.

ಪ್ಯಾಕೆಟ್ ಮೇಲೆ 'ಶುಗರ್ ಫ್ರೀ' ಅಂತ ಹಾಕಬೇಕಾದರೆ 100 ಗ್ರಾಂನಲ್ಲಿ ಅರ್ಧ ಗ್ರಾಂಗಿಂತ ಜಾಸ್ತಿ ಸಕ್ಕರೆ ಇರಬಾರದು ಅಂತ ನಿಯಮ ಇದೆ. ಕರಿಹಲಗೆ ಮೇಲೆ ಬಣ್ಣದ ಚಾಕ್‌ನಲ್ಲಿ ಬರೆಯುವಾಗ ಅದನ್ನೆಲ್ಲ ಯಾರು ನೋಡುತ್ತಾರೆ? ಮೆನುವಿನಲ್ಲಿ ಕ್ಯಾಲೊರಿ ಹಾಕುವ ನಿಯಮವೂ ಸೆಂಟ್ರಲ್ ಲೈಸೆನ್ಸ್ ಇರುವ ಅಥವಾ ಹತ್ತು ಮತ್ತು ಅದಕ್ಕಿಂತ ಜಾಸ್ತಿ ಕಡೆ ಅಂಗಡಿ ಇರುವ ಹೋಟೆಲ್‌ಗಳಿಗೆ. ಒಂದೇ ಅಂಗಡಿಯ ಕೆಫೆಗೆ ಅದು ಕಡ್ಡಾಯ ಅಲ್ಲ. ಆದ್ದರಿಂದ ಕೇಳೋದು ನಿಮ್ಮ ಕೆಲಸ. 'ಸಿಹಿಗೆ ಏನು ಹಾಕಿದ್ದೀರಿ, ಎಷ್ಟು ಹಾಕಿದ್ದೀರಿ?' ಅಂತ ನೇರವಾಗಿ ಕೇಳಿ. ಸಂಕೋಚ ಬೇಡ. ಒಳ್ಳೆ ಕೆಫೆಯವರು ಖುಷಿಯಿಂದ ಹೇಳುತ್ತಾರೆ.

ರಾಗಿ ಬ್ರೌನಿ ಬಗ್ಗೆ ಜಾಸ್ತಿ ಹೇಳೋಕೆ ಏನಿಲ್ಲ. ರಾಗಿ ಒಳ್ಳೆಯದು, 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ಹಾಲಿನಲ್ಲಿ ಇರುವುದರ ಮೂರರಷ್ಟು. ಆದರೆ ಬ್ರೌನಿಯಲ್ಲಿ ರಾಗಿಯ ಜೊತೆ ಬೆಲ್ಲ, ಬೆಣ್ಣೆ, ಚಾಕೊಲೇಟ್ ಇದೆ. ಅದು ಕೇಕ್. ಕೇಕ್ ಅಂತಲೇ ತಿನ್ನಿ, ಮೂವರು ಸೇರಿ ಒಂದು. ಇನ್ನು ಹಸಿರು ಜ್ಯೂಸ್. ಬಣ್ಣ ಪಾಲಕ್‌ನದು, ರುಚಿ ಸೇಬಿನದು. ಸೋಸಿದಾಗ ನಾರು ಹಿಂಡಿಯ ಜೊತೆ ಹೋಯಿತು, ಸಿಹಿ ಲೋಟಕ್ಕೆ ಬಂತು. ಮೈಯಲ್ಲಿರುವ ಕೊಳೆಯನ್ನೆಲ್ಲ ತೊಳೆಯುತ್ತದೆ, ಡಿಟಾಕ್ಸ್ ಅನ್ನುತ್ತಾರಲ್ಲ, ಆ ಕೆಲಸಕ್ಕೆ ದೇವರು ಲಿವರ್, ಕಿಡ್ನಿ ಅಂತ ಸಂಬಳ ಇಲ್ಲದ ಆಳುಗಳನ್ನು ಇಟ್ಟಿದ್ದಾನೆ. ಕಿಡ್ನಿ ಕಲ್ಲು ಆಗಿದ್ದವರು ಹಸಿ ಪಾಲಕ್, ಬೀಟ್‌ರೂಟ್ ಜ್ಯೂಸನ್ನು ದಿನಾ ಕುಡಿಯಲೇಬಾರದು.

ಇಷ್ಟು ಓದಿ ಯಜಮಾನರು ಮೀಸೆ ತಿರುವುತ್ತಿರಬಹುದು. ಸ್ವಲ್ಪ ನಿಲ್ಲಲಿ. ಅವರ 172 ನೋಡಿ ಮನೆ ಊಟ ಗೆದ್ದಿತು ಅನ್ನೋಕೆ ನನಗೆ ಮನಸ್ಸಿಲ್ಲ.

ಮೊದಲನೆಯದಾಗಿ ಅದು ಸರಿಸಮ ಸ್ಪರ್ಧೆ ಅಲ್ಲ. ಐದು ಒಟ್ಟಿಗೂ ಎರಡು ಒಟ್ಟಿಗೂ ಹೋಲಿಕೆ ಮಾಡಿದ್ದಾರೆ. ಮನೆಯಲ್ಲಿ ಎರಡರ ಜಾಗದಲ್ಲಿ ಐದು ತಿಂದು, ಪಲ್ಯ ಬಿಟ್ಟು ನೋಡಲಿ, ಆಗ ಗೊತ್ತಾಗುತ್ತದೆ. ಎರಡನೆಯದು, ಕೊಬ್ಬು ಜಾಸ್ತಿ ಇರುವ ಊಟದಲ್ಲಿ ಶುಗರ್ ನಿಧಾನಕ್ಕೆ ಏರುತ್ತದೆ. ಕಡಂಬುಟ್ಟು (ಅಕ್ಕಿತರಿಯ ಕಡುಬು), ಪಂದಿಕರಿ (ಹಂದಿ ಸಾರು) ತಿಂದ ದಿನ ಎರಡು ಗಂಟೆಗೆ ನೋಡಿದರೆ 160 ಇರಬಹುದು. ನಾಲ್ಕು ಗಂಟೆಗೆ ನೋಡಿದರೆ 210. ಎರಡು ಗಂಟೆಯ ಲೆಕ್ಕ ನೋಡಿ ಎಷ್ಟೋ ಜನ 'ಪಂದಿಕರಿ ನನಗೆ ಒಗ್ಗುತ್ತದೆ' ಅಂತ ತೀರ್ಮಾನ ಮಾಡಿಕೊಂಡುಬಿಟ್ಟಿದ್ದಾರೆ. ಮೂರನೆಯದು, ನಮ್ಮ ಊಟ ಹೇಗಿದೆ ನೋಡಿ. ಬೆಳಿಗ್ಗೆ ಒಟ್ಟಿ ಅಥವಾ ನೂಪುಟ್ಟು, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಒಟ್ಟಿ. ಪಾಪುಟ್ಟು, ಕಡಂಬುಟ್ಟು ಯಾವುದೇ ಹೆಸರಿನಲ್ಲಿ ಬಂದರೂ ಒಳಗಿರೋದು ಅಕ್ಕಿಯೇ. ಗದ್ದೆ ಉಳುತ್ತಿದ್ದ, ಮಳೆಯಲ್ಲಿ ನಾಟಿ ಮಾಡುತ್ತಿದ್ದ ಅಜ್ಜನಿಗೆ ಅದು ಸರಿ ಇತ್ತು. ಜೀಪಿನಲ್ಲಿ ತೋಟ ಸುತ್ತುವ ಮೊಮ್ಮಗನಿಗೆ ಅಷ್ಟೇ ಅಕ್ಕಿ ಬೇಡ ಅಲ್ವಾ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನ 2023ರಲ್ಲಿ ಹೇಳಿದ ಪ್ರಕಾರ ದೇಶದಲ್ಲಿ 10 ಕೋಟಿಗೂ ಜಾಸ್ತಿ ಜನಕ್ಕೆ ಶುಗರ್ ಇದೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿ ಇದ್ದಾರೆ. ಅವರೆಲ್ಲ ಸ್ಮೂದಿ ತಿಂದು ಅಲ್ಲಿಗೆ ಬಂದವರಲ್ಲ.

ಅದಕ್ಕೇ ಹೊಸ ಕೆಫೆ ಅಂದರೆ ಮೂಗು ಮುರಿಯಬೇಡಿ. ನಮ್ಮ ಕಡೆ ಹೊರಗೆ ಊಟ ಅಂದರೆ ಪರೋಟ, ಬಿರಿಯಾನಿ, ಗೋಬಿ ಮಂಚೂರಿ ಅಷ್ಟೇ ಇತ್ತು. ತಟ್ಟೆ ತುಂಬ ತರಕಾರಿ ಕೊಡುವ ಜಾಗ ಒಂದು ಬಂದಿದೆ ಅಂದರೆ ಒಳ್ಳೆಯದೇ. ಹೋಗಿ. ತಿನ್ನೋದನ್ನು ಮಾತ್ರ ಬದಲಾಯಿಸಿ.

ಯಜಮಾನರಿಗೆ ನಾನಾದರೆ ಹೀಗೆ ಆರ್ಡರ್ ಮಾಡುತ್ತೇನೆ. ಮೊದಲು ಸಲಾಡ್ ತರಿಸಿ, ಅದರಲ್ಲಿ ಕಡಲೆ, ಪನೀರ್, ಮೊಟ್ಟೆ, ಕೋಳಿ ಏನಾದರೂ ಒಂದು ಇರಲಿ. ಡ್ರೆಸಿಂಗ್ ಬೇರೆ ಬಟ್ಟಲಲ್ಲಿ ಕೊಡಿ ಅನ್ನಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ 120 ಕ್ಯಾಲೊರಿ ಇದೆ, ಅಡುಗೆಯವರು ಅದನ್ನು ಚಮಚದಲ್ಲಿ ಅಳೆಯೋದಿಲ್ಲ. ಸಲಾಡ್ ಅರ್ಧ ತಿಂದ ಮೇಲೆ ಒಂದು ರಾಗಿ ದೋಸೆ ಅಥವಾ ಎರಡು ಮೊಟ್ಟೆಯ ಆಮ್ಲೆಟ್ ಜೊತೆ ಒಂದು ಬ್ರೆಡ್. ತರಕಾರಿ, ಮೊಟ್ಟೆ ಮೊದಲು ಹೋಗಿ ಕೂತರೆ ಆಮೇಲೆ ಬರುವ ಹಿಟ್ಟಿನ ಪದಾರ್ಥ ಶುಗರನ್ನು ಅಷ್ಟು ಬೇಗ ಏರಿಸೋದಿಲ್ಲ. ನಾವು ಮಾಡೋದು ತದ್ವಿರುದ್ಧ. ಒಟ್ಟಿ ಬಿಸಿ ಇರುವಾಗಲೇ ಎರಡು ಮುಗಿಸಿ, ಪಲ್ಯ ಕೊನೆಗೆ ತಟ್ಟೆ ಬಳಿಯೋಕೆ. ಕ್ರಮ ತಿರುಗಿಸಿದರೆ ಸಾಕು, ದುಡ್ಡಿಲ್ಲದ ಔಷಧಿ. ಕುಡಿಯೋಕೆ ನೀರು, ಸಿಹಿ ಇಲ್ಲದ ಮಜ್ಜಿಗೆ. ಕಾಫಿ ಬೇಕೇ ಬೇಕು ಅಂದರೆ ಸಕ್ಕರೆ ಇಲ್ಲದ್ದು, ಅದೂ ಊಟ ಆಗಿ ಒಂದು ಗಂಟೆ ಬಿಟ್ಟು. ಊಟದ ಜೊತೆಗೇ ಕುಡಿದರೆ ಊಟದಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತೋದು ಕಡಿಮೆಯಾಗುತ್ತದೆ. ಕೊಡಗಿನವರಿಗೆ ಈ ಮಾತು ಹೇಳೋಕೆ ನನಗೇ ಭಯ. ಆದರೂ ಹೇಳಿದ್ದೇನೆ.

ಬಿಲ್ ಕೊಟ್ಟ ಮೇಲೆ ತಕ್ಷಣ ಕಾರು ಹತ್ತಬೇಡಿ. ಹದಿನೈದು ನಿಮಿಷ ಪೇಟೆಯಲ್ಲಿ ನಡೆಯಿರಿ. ತರಕಾರಿ ತಗೊಳ್ಳಿ, ಪರಿಚಯದವರು ಸಿಕ್ಕರೆ ನಿಂತು ಮಾತಾಡೋ ಬದಲು ನಡೆಯುತ್ತಾ ಮಾತಾಡಿ. ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ.

ಒಂದು ಎಚ್ಚರಿಕೆ. ಯಜಮಾನರು ಮೆಟ್‌ಫಾರ್ಮಿನ್ ಒಂದೇ ತೆಗೆದುಕೊಳ್ಳುವುದರಿಂದ ಬರೀ ಸಲಾಡ್ ತಿಂದರೂ ಶುಗರ್ ತೀರಾ ಇಳಿಯುವ ಭಯ ಕಡಿಮೆ. ಆದರೆ ಗ್ಲಿಮಿಪಿರೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವ ಓದುಗರೂ ಇದನ್ನು ಓದುತ್ತಿರಬಹುದು. ನೀವು ಮಾತ್ರೆ ನುಂಗಿ ನಾಲ್ಕು ಎಲೆ ತಿಂದು ಘಾಟಿ ರಸ್ತೆಯಲ್ಲಿ ಗಾಡಿ ಓಡಿಸಬೇಡಿ. ನಿಮಗೆ ಸ್ವಲ್ಪ ಅನ್ನವೋ ರೊಟ್ಟಿಯೋ ಬೇಕೇ ಬೇಕು.

ಈಗ ನಿಮ್ಮ ವಿಷಯ. ಇಡೀ ಪತ್ರದಲ್ಲಿ ಶುಗರ್ ಬಗ್ಗೆಯೇ ಬರೆದು ನಿಮ್ಮ ಬಿಪಿಯನ್ನು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಮನೆ ಹೆಂಗಸರೆಲ್ಲ ಹೀಗೇ. ಬಿಪಿ ಇರುವವರು ಕೆಫೆಯಲ್ಲಿ ನೋಡಬೇಕಾದ್ದು ಉಪ್ಪು. ಸೂಪ್, ಬ್ರೆಡ್, ಚೀಸ್, ಆಲಿವ್, ಸಾಸ್ ಎಲ್ಲದರಲ್ಲೂ ಅದು ಅಡಗಿ ಕೂತಿರುತ್ತದೆ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಿಕ್ಕ ಚಮಚ ಉಪ್ಪು ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸೂಪ್ ಕುಡಿದು ಮನೆಗೆ ಬಂದ ಮೇಲೆ ಬಾಯಾರಿಕೆ ಆಗಿ ಮೂರು ಲೋಟ ನೀರು ಕುಡಿದಿದ್ದರೆ ಅದರಲ್ಲಿ ಉಪ್ಪು ಎಷ್ಟಿತ್ತು ಅಂತ ನಿಮಗೇ ಗೊತ್ತಾಗಿರಬೇಕು. ಮುಂದಿನ ಸಲ ಉಪ್ಪು ಕಡಿಮೆ ಹಾಕಿ ಅಂತ ಮೊದಲೇ ಹೇಳಿ. ಮನೆಯಲ್ಲಿ ಒಣಮೀನು, ಉಪ್ಪುನೀರಿನ ಮಾವಿನಕಾಯಿ, ಹಂದಿ ಉಪ್ಪಿನಕಾಯಿ ಇವು ಮೂರರ ಮೇಲೂ ಒಂದು ಕಣ್ಣಿರಲಿ.

ಕಾಚಂಪುಳಿ ಶಾಟ್ ವಿಷಯಕ್ಕೆ ಬರೋಣ. ಇದನ್ನು ಕೇಳಿ ನನಗೆ ನಗುವೂ ಬಂತು, ಸಿಟ್ಟೂ ಬಂತು. ಕಾಚಂಪುಳಿ ನಮ್ಮ ಹೆಮ್ಮೆ. ಮಳೆಗಾಲದಲ್ಲಿ ಉದುರಿದ ಹಣ್ಣು ಆರಿಸಿ, ರಸ ಇಳಿಸಿ, ಗಂಟೆಗಟ್ಟಲೆ ಕಾಯಿಸಿ, ಕಪ್ಪು ಬೆಲ್ಲದ ಪಾಕದಷ್ಟು ಮಂದ ಮಾಡಿ ಬಾಟಲಿಗೆ ತುಂಬುತ್ತೇವೆ. ಒಂದು ದೊಡ್ಡ ಪಾತ್ರೆ ಪಂದಿಕರಿಗೆ ಬೀಳೋದು ಒಂದೆರಡು ಚಮಚ. ಈ ಹಣ್ಣಿನ ಜಾತಿಗೆ ಗಾರ್ಸಿನಿಯಾ ಅನ್ನುತ್ತಾರೆ. ಇದರಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ತೂಕ ಇಳಿಸುತ್ತದೆ ಅಂತ ಪ್ರಪಂಚದ ತುಂಬ ಮಾತ್ರೆ ಮಾಡಿ ಮಾರಿದರು. ಮನುಷ್ಯರ ಮೇಲೆ ಪರೀಕ್ಷೆ ಮಾಡಿದಾಗ ಇಳಿದ ತೂಕ ಹೇಳಿಕೊಳ್ಳುವಂಥದ್ದಲ್ಲ. ಆ ಮಾತ್ರೆ ನುಂಗಿದ ಕೆಲವರಿಗೆ ಲಿವರ್‌ಗೆ ಪೆಟ್ಟು ಬಿದ್ದದ್ದು ಮಾತ್ರ ವೈದ್ಯಕೀಯ ವರದಿಗಳಲ್ಲಿ ದಾಖಲಾಗಿದೆ. ಸಾರಿಗೆ ಹಾಕುವ ಚಮಚ ಕಾಚಂಪುಳಿಗೆ ಹೆದರಬೇಕಾಗಿಲ್ಲ. ಖಾಲಿ ಹೊಟ್ಟೆಗೆ ಶಾಟ್ ಹೊಡೆಯೋದು ಬೇಡ. ಅಷ್ಟು ಹುಳಿ ಹಲ್ಲಿಗೂ ಹೊಟ್ಟೆಗೂ ಒಳ್ಳೆಯದಲ್ಲ. ತಂದೆ ತಾಯಿ ಕಾಲದಿಂದ ಪಂದಿಕರಿಗೆ ಹಾಕುತ್ತಾ ಬಂದಿದ್ದೇವಲ್ಲ, ಅದರಿಂದ ಯಾರಾದರೂ ಸಣ್ಣ ಆಗಿದ್ದಾರಾ ನೀವೇ ಹೇಳಿ.

ಅಕ್ಕಿ ಬದಲು ಕಿನೋವಾ ತರಬೇಕಾ ಅಂತ ನೀವು ಕೇಳಿಲ್ಲ, ಆದರೆ ಮಗಳು ಕೇಳಿಯೇ ಕೇಳುತ್ತಾಳೆ. ಕಿನೋವಾ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ ಕಡೆಯ ಬೆಳೆ. 2013ನ್ನು ವಿಶ್ವಸಂಸ್ಥೆ ಕಿನೋವಾ ವರ್ಷ ಅಂತ ಆಚರಿಸಿತು, ಸಿರಿಧಾನ್ಯದ ಸರದಿ ಬಂದದ್ದು 2023ರಲ್ಲಿ. ಅಕ್ಕಿಗಿಂತ ಕಿನೋವಾದಲ್ಲಿ ಪ್ರೋಟೀನ್ ಜಾಸ್ತಿ, 100 ಗ್ರಾಂಗೆ ಸುಮಾರು 13 ಗ್ರಾಂ. ಅಕ್ಕಿಯಲ್ಲಿ 8ರ ಹತ್ತಿರ. ಆದರೆ ಅಷ್ಟೇ ಹೆಸರುಕಾಳಿನಲ್ಲಿ 20ರ ಮೇಲಿದೆ, ಬೆಲೆ ಕಡಿಮೆ. ಕೆಫೆಯಲ್ಲಿ ತಿಂದರೆ ತಿನ್ನಲಿ, ಮನೆಗೆ ಮೂಟೆ ಹೊರಬೇಕಾಗಿಲ್ಲ. ಗ್ಲೂಟೆನ್ ಫ್ರೀ ಅಂತ ಜಾಸ್ತಿ ದುಡ್ಡು ಕೊಡೋದೂ ಅಷ್ಟೇ. ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯವರಿಗೆ ಅದು ಜೀವನ್ಮರಣದ ಪ್ರಶ್ನೆ. ಉಳಿದವರಿಗೆ ಅಲ್ಲ. ಅಂದಹಾಗೆ ಕಡಂಬುಟ್ಟು ಹುಟ್ಟಿನಿಂದಲೇ ಗ್ಲೂಟೆನ್ ಫ್ರೀ.

ಈ ಕೆಫೆಗಳ ಮೇಲೆ ನನಗಿರುವ ತಕರಾರು ಒಂದೇ. ಕೊಡಗಿನಲ್ಲಿ ಕೂತು ಆಂಡಿಸ್‌ನಿಂದ ಕಾಳು ತರಿಸುತ್ತಾರೆ, ಬೇಲಿ ಆಚೆ ಇರುವ ತೆರ್ಮೆ ಸೊಪ್ಪು (ಎಳೆ ಜರೀಗಿಡ) ಅವರಿಗೆ ಕಾಣೋದಿಲ್ಲ. ಮಳೆಗಾಲದಲ್ಲಿ ಸಿಗುವ ಅಣಬೆ, ಕೆಸುವಿನ ಸೊಪ್ಪು, ಎರಡು ಮೂರು ದಿನ ನೀರು ಬದಲಾಯಿಸಿ ನೆನೆಸಿದ ಕಣಿಲೆ, ಹಲಸಿನ ಬೀಜ. ಒಂದು ಹಿಡಿ ಅನ್ನ, ಎರಡು ಥರ ಪಲ್ಯ, ಒಂದು ಕಾಳು ಸಾರು, ಮೊಸರು ಇಟ್ಟು ಕೊಟ್ಟರೆ ನಾನೇ ವಾರಕ್ಕೆರಡು ದಿನ ಹೋಗುತ್ತೇನೆ. ಐಸಿಎಂಆರ್‌ನ ಪೌಷ್ಟಿಕತೆ ಸಂಸ್ಥೆ ಹೇಳುವ ದಿನದ ತಟ್ಟೆಯಲ್ಲಿ ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ ಇದೆ. ನಿಮ್ಮ ಮನೆಯಲ್ಲಿ ಒಂದು ದಿನ ತಕ್ಕಡಿ ಇಟ್ಟು ತೂಗಿ ನೋಡಿ. ಹೆಚ್ಚಿನ ಮನೆಗಳಲ್ಲಿ ತರಕಾರಿ ಅದರ ಅರ್ಧವೂ ಇರೋದಿಲ್ಲ. ನಮ್ಮ ಮನೆಯಲ್ಲಿ ಮೊದಲ ಸಲ ತೂಗಿದಾಗ ಒಬ್ಬರಿಗೆ 130 ಗ್ರಾಂ ಬಂದಿತ್ತು, ನಾಚಿಕೆಯಾಯಿತು.

ಮಳೆಗಾಲದಲ್ಲಿ ಹಸಿ ಎಲೆ ಸಲಾಡ್ ಹೇಳುವ ಮುಂಚೆ ಯಾವ ನೀರಿನಲ್ಲಿ ತೊಳೆಯುತ್ತೀರಿ ಅಂತ ಕೇಳಿ. ಐಸ್ ಕೂಡ ಅಷ್ಟೇ. ಉತ್ತರ ಸರಿ ಬರಲಿಲ್ಲ ಅಂದರೆ ಬೇಯಿಸಿದ ತರಕಾರಿ ತೆಗೆದುಕೊಳ್ಳಿ. ಬಿಲ್ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಇದೆಯಾ ಅಂತಲೂ ನೋಡಿಕೊಳ್ಳಿ.

ಬಟರ್‌ಫ್ರೂಟ್ ಟೋಸ್ಟ್‌ಗೆ 320 ಕೊಟ್ಟದ್ದಕ್ಕೆ ಬೇಸರ ಬೇಡ, ಅದರಲ್ಲಿ ಬ್ರೆಡ್, ಬಾಡಿಗೆ, ಎಸಿ ಎಲ್ಲ ಸೇರಿದೆ. ಆದರೆ ನಿಮ್ಮ ತೋಟದಲ್ಲಿ ಬಿದ್ದು ಕೊಳೆಯುತ್ತಿದೆ ಅಂದದ್ದು ಕೇಳಿ ಹೊಟ್ಟೆ ಉರಿಯಿತು. ಸಿಹಿ ಇಲ್ಲದ, ನಾರು ತುಂಬಿದ ಹಣ್ಣು ಅದು. 100 ಗ್ರಾಂನಲ್ಲಿ 7 ಗ್ರಾಂನಷ್ಟು ನಾರು, ಕೊಬ್ಬೂ ಒಳ್ಳೆಯ ಜಾತಿಯದ್ದು. ಯಜಮಾನರ ಶುಗರ್‌ಗೆ ಬಾಳೆಹಣ್ಣಿಗಿಂತ ಎಷ್ಟೋ ವಾಸಿ. ನಾವು ಮಾಡುವ ತಪ್ಪು ಅಂದರೆ ಅದಕ್ಕೆ ಹಾಲು, ನಾಲ್ಕು ಚಮಚ ಸಕ್ಕರೆ ಹಾಕಿ ಮಿಲ್ಕ್‌ಶೇಕ್ ಮಾಡೋದು. ಅದರ ಬದಲು ಈರುಳ್ಳಿ, ಹಸಿಮೆಣಸು, ಕೊತ್ತಂಬರಿ, ಗಾಂಧಾರಿ ಮೆಣಸು ಇದ್ದರೆ ಅದು, ನಿಂಬೆರಸ, ಚಿಟಿಕೆ ಉಪ್ಪು ಹಾಕಿ ಕಿವುಚಿ. ಒಂದು ಒಟ್ಟಿಗೆ ಚಟ್ನಿ ಹಾಗೆ ಹಚ್ಚಿಕೊಂಡು ತಿನ್ನಲಿ. ಕಾಲು ಹಣ್ಣು ಸಾಕು, ನಮ್ಮ ಕಡೆಯ ಹಣ್ಣು ದೊಡ್ಡದು. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಬೇಕು, ಪೊಟ್ಯಾಶಿಯಂ ಜಾಸ್ತಿ ಇದೆ.

ಇನ್ನು ಒಂದು ಪರೀಕ್ಷೆ ಮಾಡಿ. ಮುಂದಿನ ಸಲ ಅದೇ ಕೆಫೆಗೆ ಹೋಗಿ, ಮೇಲೆ ಹೇಳಿದ ಹಾಗೆ ತಿನ್ನಲಿ. ಊಟಕ್ಕೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಲೆಕ್ಕ ಹಾಕಿ ಎರಡು ಗಂಟೆಗೆ ಒಮ್ಮೆ ಶುಗರ್ ನೋಡಿ, ಕೈ ತೊಳೆದು. ಬರೀ ಊಟದ ನಂತರದ್ದು ನೋಡಿದರೆ ಅರ್ಧ ಕಥೆ, ಮೊದಲೇ 160 ಇತ್ತೋ 110 ಇತ್ತೋ ಗೊತ್ತಾಗೋದಿಲ್ಲ. ಎರಡನೆಯದು 180ರ ಒಳಗೆ ಬಂದರೆ ಆ ಊಟ ಅವರಿಗೆ ಸರಿ. ಪಂದಿಕರಿ ಮಾಡಿದ ದಿನ ನಾಲ್ಕು ಗಂಟೆಗೂ ಒಮ್ಮೆ ನೋಡಿ. ಎಲ್ಲವನ್ನೂ ಕ್ಯಾಲೆಂಡರ್ ಮೇಲೆ ಬರೆದಿಟ್ಟು ಡಾಕ್ಟರ್ ಹತ್ತಿರ ಹೋಗುವಾಗ ತೆಗೆದುಕೊಂಡು ಹೋಗಿ. ಮಾತ್ರೆಯನ್ನು ಮಾತ್ರ ನೀವೇ ಹೆಚ್ಚು ಕಡಿಮೆ ಮಾಡಬೇಡಿ.

ಮರೆತಿದ್ದೆ, ದನದ ವಿಷಯ. ಬಟರ್‌ಫ್ರೂಟ್ ಹಣ್ಣು, ಸಿಪ್ಪೆ, ಸೊಪ್ಪು ಯಾವುದನ್ನೂ ದನಕ್ಕೆ, ಆಡಿಗೆ ಹಾಕಬೇಡಿ. ಅದರಲ್ಲಿರುವ ಪರ್ಸಿನ್ ಅನ್ನುವ ಪದಾರ್ಥ ನಮಗೆ ಏನೂ ಮಾಡೋದಿಲ್ಲ, ದನಕ್ಕೆ ವಿಷ. ಕೆಚ್ಚಲು ಬಾತು ಹಾಲು ನಿಲ್ಲುತ್ತದೆ, ಜಾಸ್ತಿ ತಿಂದರೆ ಹೃದಯಕ್ಕೂ ಪೆಟ್ಟು. ಸಿಪ್ಪೆಯನ್ನೆಲ್ಲ ಗೊಬ್ಬರದ ಗುಂಡಿಗೆ ಹಾಕಿ, ದನ ಬಾಯಿ ಹಾಕದ ಹಾಗೆ ಮೇಲೆ ಸ್ವಲ್ಪ ಮಣ್ಣು ಮುಚ್ಚಿ.